ಅಂದಾನಪ್ಪ ಮಾಸ್ತರರ ಬಲಗೈ

ಅಂದಾನಪ್ಪ ಮಾಸ್ತರರು ಕರಿಹಲಗೆಯ ಮೇಲೆ ಬರೆದದ್ದನ್ನು ಅಳಿಸಲು ಮಕ್ಕಳಿಗೆ ಮನಸ್ಸೇ ಬರುತ್ತಿರಲಿಲ್ಲ. ಅಂಥ ಅಕ್ಷರ. ಹುನಗುಂದದ ಕಡೆಯ ಆ ಊರಿನಲ್ಲಿ ಅರ್ಜಿಯಿರಲಿ, ಮಾನಪತ್ರವಿರಲಿ, ಅವರೇ ಬರೆಯಬೇಕು. ಎಲೆ ಅಡಿಕೆ ಕೊಟ್ಟರೆ ಸಾಕು, ಖುಷಿ. ನನ್ನ ಡೈರಿ ನೋಡಿದಾಗ ಮಾತ್ರ ಬಿಡುತ್ತಿರಲಿಲ್ಲ: "ಏನ್ರಿ ಹೊಳಬಸಪ್ಪ, ಕೋಳಿ ಕೆದರಿದಂಗ ಬರದೀರಲ್ರಿ."

ಆ ಹೊಳಬಸಪ್ಪನೇ ನಾನು. ಪೊಲೀಸ್ ಪೇದೆ.

೧೯೭೯ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅಲ್ಲಿ ಬಂದೋಬಸ್ತಿಗಿದ್ದವನು ನಾನೊಬ್ಬನೇ. ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ, ಮಠದ ಪಡಸಾಲೆಯಲ್ಲಿ ನಡೆಯುತ್ತಿತ್ತು. ಒಳಗೆ ಹಿಂದಿನ ಸ್ವಾಮಿಗಳ ಗದ್ದುಗೆ ಇದ್ದುದರಿಂದ ಹೊಸ್ತಿಲು ದಾಟಿ ಚಪ್ಪಲಿ, ಬೂಟು, ಬೆಲ್ಟು, ಯಾವ ತೊಗಲನ್ನೂ ಒಯ್ಯುವಂತಿರಲಿಲ್ಲ. ಕಾಪಿ ಹೊಡೆಯುತ್ತಿದ್ದ ಗೌಡರ ಮಗನನ್ನು ಮಾಸ್ತರರು ಎಬ್ಬಿಸಿ ಹೊರಗೆ ಕಳಿಸಿದರು. ತಾಸಿನೊಳಗೆ ಅವನ ಕಾಕಂದಿರು ಮೂವರು ಬಡಿಗೆ ಹಿಡಿದು ಬಂದರು. "ನಿಲ್ರಿ" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡೇ ಒಳಗೆ ನುಗ್ಗಿದರು.

ನಾನು ಹೊಸ್ತಿಲ ಹೊರಗೆ ಕುಳಿತು ಬೂಟಿನ ಲೇಸು ಬಿಚ್ಚತೊಡಗಿದೆ.

ಮಕ್ಕಳು ಚೀರುತ್ತಿದ್ದವು. "ಹೊಳಬಸಪ್ಪ, ಲಗೂನ ಬರ್ರಿ, ಹುಡುಗುರು ಅದಾವು" ಎಂದು ಮಾಸ್ತರರು ಕೂಗಿದರು. ಎಳೆದರೆ ಬಿಚ್ಚುವ ಗಂಟು ಅದು, ದಿನಾ ಬಿಚ್ಚುವವನು ನಾನು. ಬೇಕೆಂದೇ ಬೇರೆ ತುದಿ ಎಳೆದು ಬಿಗಿ ಮಾಡಿಕೊಂಡೆ. ಆಮೇಲೆ ಬೆಲ್ಟು ಕಳಚಿದೆ. ಬೂಟುಗಳನ್ನು ಜೋಡಿಸಿ ಗೋಡೆಗೆ ಹಚ್ಚಿ ಇಟ್ಟೆ ಎಂದರೆ ನಂಬುತ್ತೀರಾ? ಬರಿಗಾಲಲ್ಲಿ ಒಳಗೆ ಹೋಗುವಷ್ಟರಲ್ಲಿ ಆ ಮೂವರು ಹಿತ್ತಲ ಬಾಗಿಲಿನಿಂದ ಹೋಗಿದ್ದರು. ಮಾಸ್ತರರು ಮಕ್ಕಳಿಗೆ ಅಡ್ಡವಾಗಿ ಇನ್ನೂ ನಿಂತಿದ್ದರು. ಬಲಗೈ ಜೋತುಬಿದ್ದಿತ್ತು.

ಬಾಗಲಕೋಟೆಯಲ್ಲಿ ಎರಡು ತಿಂಗಳು ಪಟ್ಟಿ ಕಟ್ಟಿಸಿಕೊಂಡರು. ಎಲುಬು ಕೂಡಿತು, ಬೆರಳು ಮಡಚಲಿಲ್ಲ.

ಸಾಹೇಬರು ವಿಚಾರಿಸಿದಾಗ, "ಗದ್ದುಗಿ ಐತ್ರಿ, ಬೂಟ ಹಾಕ್ಕೊಂಡು ಹ್ಯಾಂಗ ಹೋಗಲ್ರಿ?" ಅಂದೆ. ಮಠದ ಹಿರಿಯರಿಗೆ ಅದೇ ಹಿಡಿಸಿಬಿಟ್ಟಿತು. ಅಂಥ ಗಲಾಟೆಯಲ್ಲೂ ಮಡಿ ಉಳಿಸಿದ ಪೊಲೀಸ ಇವನೊಬ್ಬನೇ ಎಂದು ಶ್ರಾವಣದಲ್ಲಿ ಶಾಲು ಹೊದಿಸಿದರು. ಬೇಡ ಎಂದರೆ ಯಾಕೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಥೂ ನನ್ನ ಜನ್ಮಕ್ಕೆ.

ಶಾಲಿನ ಜೊತೆ ನನಗೆ ಕೊಡುವ ಮಾನಪತ್ರವನ್ನು ಬೇರೆಯವರಿಂದ ಬರೆಸೋಣ ಎಂದರೆ ಮಾಸ್ತರರು ಒಪ್ಪಲಿಲ್ಲವಂತೆ. ಎಡಗೈಯಲ್ಲಿ ಬರೆದು ತಾವೇ ತಂದುಕೊಟ್ಟರು. "ಅಕ್ಷರ ಸೊಟ್ಟ ಆಗ್ಯಾವ, ಬ್ಯಾಸರಾ ಮಾಡ್ಕೋಬ್ಯಾಡ್ರಿ" ಎಂದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಹೆಂಡತಿ ಸಾವಿತ್ರೆವ್ವ ಅದಕ್ಕೆ ಕಟ್ಟು ಹಾಕಿಸಿ ನಮ್ಮ ಮನೆಯ ಪಡಸಾಲೆಯ ಗೋಡೆಗೆ ತೂಗುಹಾಕಿದಳು. ಬಂದವರಿಗೆಲ್ಲ ತೋರಿಸುತ್ತಿದ್ದಳು. ೧೯೮೮ರಲ್ಲಿ ಮಾಸ್ತರರು ತೀರಿಕೊಂಡರು. ಮಣ್ಣು ಕೊಟ್ಟು ಬಂದ ದಿನ ಬೂಟಿನ ಗಂಟಿನ ಸಂಗತಿಯನ್ನು ಅವಳಿಗೆ ಹೇಳಿದೆ.

"ಅದನ್ನ ತಗದ ಬಿಡ್ತೇನಿ" ಎಂದು ಎದ್ದೆ.

"ಬ್ಯಾಡ್ರಿ" ಎಂದಳು. "ಅಲ್ಲೇ ಇರ್ಲಿ. ದಿನಾ ನೋಡ್ರಿ."