ಖಾಜಾಸಾಬನ ಹೆಬ್ಬೆರಳು, ಪ್ರಾಣೇಶರಾಯರ ಹಿಂದಿನ ಸೀಟು

ರೋಣದ ಖಾಜಾಸಾಬನ ಬಲಗೈ ಹೆಬ್ಬೆರಳಿನ ಕೀರ್ತಿಗೆ ಪೂರ್ವಕ್ಕೆ ಗಜೇಂದ್ರಗಡದ ಗುಡ್ಡ, ಪಶ್ಚಿಮಕ್ಕೆ ನರಗುಂದದ ಗುಡ್ಡ, ಉತ್ತರಕ್ಕೆ ಮಲಪ್ರಭಾ ಹೊಳೆ ಎಲ್ಲೆಗಳು. ದಕ್ಷಿಣದ ಎಲ್ಲೆ ಇನ್ನೂ ನಿಷ್ಕರ್ಷೆಯಾಗಿಲ್ಲ. ದಾರಿಯಲ್ಲಿ ನಿಂತ ಯಾವ ಮೋಟಾರ್ ಸೈಕಲ್ಲನ್ನೂ ಆತ ಸುಮ್ಮನೆ ದಾಟಿ ಹೋದದ್ದನ್ನು ಕಂಡವರಿಲ್ಲ. ಸೀಟಿನ ನಟ್ಟನಡುವೆ ಹೆಬ್ಬೆರಳು ಊರುತ್ತಾನೆ, ಕಣ್ಣು ಅರೆ ಮುಚ್ಚುತ್ತಾನೆ, ‘ಹೂಂ’ ಎನ್ನುತ್ತಾನೆ, ಮುಂದೆ ನಡೆಯುತ್ತಾನೆ. ಶಿರೋಳಕ್ಕೆ ಯಾರದೋ ಮಣ್ಣಿಗೆ ಹೋದಾಗಲೂ ಹೊರಗೆ ನಿಂತ ಹನ್ನೊಂದು ಗಾಡಿಗಳ ಸೀಟು ಒತ್ತಿ ಮುಗಿಸಿಯೇ ಒಳಗೆ ಹೋಗಿ ಕಣ್ಣೀರು ಹಾಕಿದನಂತೆ.

ಚಹಾದಂಗಡಿಯ ದ್ಯಾಮೇಶನ ಗಾಡಿಯನ್ನು ಒಮ್ಮೆ ಹೀಗೇ ಒತ್ತಿ, “ಅಳಿಯಾ ಬಂದು ಹೋದನೇನೋ?” ಎಂದು ಕೇಳಿದ. ಅಳಿಯ ಆ ಗಾಡಿಯಿಂದ ಇಳಿದು ಬಸ್ಸು ಹತ್ತಿ ಅರ್ಧ ತಾಸೂ ಆಗಿರಲಿಲ್ಲ. ದ್ಯಾಮೇಶ ಕೈಯಲ್ಲಿದ್ದ ಚಹಾದ ಬಸಿ ಕೆಳಗೆ ಬಿಟ್ಟ. ಆ ಅಳಿಯ ಒಂದು ಕ್ವಿಂಟಲ್ ತೂಗುವ ಆಸಾಮಿ, ಅವನು ಕೂತೆದ್ದ ಗುರುತು ಕುರುಡನಿಗೂ ಕಾಣುತ್ತಿತ್ತು ಎಂಬುದನ್ನು ಆಮೇಲೆ ಕಥೆ ಹೇಳಿದವರು ಬಿಟ್ಟುಬಿಟ್ಟರು. ಅಂದಿನಿಂದ, ಮನೆಯವರಿಗೆ ತಿಳಿಯದಂತೆ ಯಾರನ್ನಾದರೂ ಹಿಂದೆ ಕೂರಿಸಿಕೊಂಡು ತಿರುಗಾಡಿ ಬಂದವರು ಖಾಜಾಸಾಬ ಎದುರಿಗೆ ಕಂಡರೆ ಸೀಟಿನ ಮೇಲೆ ಟವೆಲ್ ಹೊದಿಸುತ್ತಾರೆಂದು ಪ್ರತೀತಿ.

ಖಾಜಾಸಾಬ ಮಾಡುವುದು ಗಾಡಿಗಳಿಗೆ ಸೀಟು ಹೊಲಿಯುವ ಕೆಲಸ. ಹುಟ್ಟಿದ್ದು ಸೂಡಿಯಲ್ಲಿ. ಗಜೇಂದ್ರಗಡದಲ್ಲಿ ಜೀಪುಗಳಿಗೆ ತಾಡಪತ್ರಿ ಹುಡ್ ಹೊಲಿಯುತ್ತಿದ್ದ ಸೋದರಮಾವನ ಕೈಕೆಳಗೆ ಕಲಿತು, ಇಪ್ಪತ್ತೊಂದನೆಯ ವಯಸ್ಸಿಗೆ ರೋಣದ ಬಸ್‌ಸ್ಟ್ಯಾಂಡಿನ ಎದುರು ಅಂಗಡಿ ತೆರೆದ. ಒಂದು ಹೊಲಿಗೆ ಮಷಿನ್ನು, ರೆಕ್ಸಿನ್ ಸುರುಳಿಗಳು, ಮಾಡಿನವರೆಗೆ ಒಟ್ಟಿದ ಫೋಮು; ಇವುಗಳ ನಡುವೆ ಉಳಿದ ಜಾಗದಲ್ಲಿ ಆತ. ಈಗ ಐವತ್ತೆರಡು. ಹೆಂಡತಿ ಜಹೀದಾ ಐದಡಿಗೆ ಎರಡು ಬೆರಳು ಕಡಿಮೆ, ಮಾತಿನಲ್ಲಿ ಆರಡಿಗೆ ಎರಡು ಬೆರಳು ಹೆಚ್ಚು. ಮಗಳು ತಬಸ್ಸುಮಳನ್ನು ನರಗುಂದಕ್ಕೆ ಕೊಟ್ಟಿದ್ದಾರೆ. ಪ್ರತಿ ಭಾನುವಾರ ಬೆಳಿಗ್ಗೆ ಒಂದೆರಡು ತಾಸು ಅಂಗಡಿ ತೆರೆದು, ಆಮೇಲೆ ಗಂಡಹೆಂಡತಿ ಗಾಡಿಯ ಮೇಲೆ ಮಗಳ ಮನೆಗೆ ಹೊರಡುವುದು ರೂಢಿ.

ಈ ಹೆಬ್ಬೆರಳಿನ ಕೀರ್ತಿಯನ್ನು ಸಹಿಸಲಾರದವರು ಊರಿನಲ್ಲಿ ಒಬ್ಬರೇ ಇದ್ದರು. ಪ್ರಾಣೇಶರಾಯರು. ತಹಶೀಲ್ದಾರ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಕೂತು ಮೂವತ್ತು ವರ್ಷ ಖರೇದಿ ಪತ್ರ, ಆಸ್ತಿ ಪಾಲಿನ ವಾಟ್ನಿ ಪತ್ರ ಬರೆದವರು. ಈಗ ಅಲ್ಲೇ ಒಂದು ಗೂಡಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದಾರೆ. ತಾಲೂಕಿನ ಎಷ್ಟು ಸಾವಿರ ಹೆಬ್ಬೆರಳುಗಳನ್ನು ಹಿಡಿದು ಮಸಿಗೆ ಅದ್ದಿದ್ದರೋ ಅವರಿಗೇ ಲೆಕ್ಕವಿಲ್ಲ. ಅಂಥವರ ಕಣ್ಣೆದುರಿಗೆ ಒಂದು ಹೆಬ್ಬೆರಳು ಮಸಿ ಹಚ್ಚಿಕೊಳ್ಳದೆಯೇ ಮರ್ಯಾದೆ ಗಳಿಸಿತೆಂದರೆ ಹೊಟ್ಟೆಯಲ್ಲಿ ಏನಾಗಬೇಡ? ಮೊದಲು ಊರಿನಲ್ಲಿ ಯಾರು ಗಾಡಿ ಕೊಳ್ಳಬೇಕಾದರೂ ರಾಯರನ್ನು ಕೇಳುತ್ತಿದ್ದರು. ರಾಯರು ಮೊಬೈಲಿನಲ್ಲಿ ನೂರೆಂಟು ವಿಡಿಯೋ ನೋಡಿ, ಸಿಸಿ, ಟಾರ್ಕು, ಮೈಲೇಜುಗಳ ಮಂತ್ರ ಹೇಳಿ ಕಳಿಸುತ್ತಿದ್ದರು. ಈಗ ಅದೇ ಜನ, “ಖಾಜಾನ್ನ ಕೇಳಿದ್ರ ಆತು ಬಿಡ್ರಿ” ಎನ್ನತೊಡಗಿದ್ದರು.

ಇದಕ್ಕೆ ಉತ್ತರವಾಗಿ ರಾಯರು ಹೋದ ವರ್ಷ ಮುನ್ನೂರೈವತ್ತು ಸಿಸಿಯ ಗಾಡಿ ತಂದರು. ಉದ್ದ, ಗಿಡ್ಡ, ಕಾಡಿಗೆ ಕಪ್ಪು. ಕಾಲು ಮುಂದಕ್ಕೆ ಚಾಚಿ, ಎದೆ ಹಿಂದಕ್ಕೆ ಸರಿಸಿ, ದರ್ಬಾರು ನಡೆಸುವವರಂತೆ ಕೂರುವಂಥದು. ಮುಂದಿನ ಸೀಟು ಸಾಕ್ಷಾತ್ ಸಿಂಹಾಸನ. ಹಿಂದಿನದು ಮಾತ್ರ ಊಟದ ಮಣೆಯ ಕಾಲುಭಾಗ.

ರಾಯರ ಹೆಂಡತಿ ಸಾವಿತ್ರಿಬಾಯಿ ಗಂಡನಿಗಿಂತ ಅರ್ಧ ಗೇಣು ಎತ್ತರ. ಸೀರೆಯುಟ್ಟು ಎರಡೂ ಕಾಲು ಒಂದೇ ಬಾಜು ಇಳಿಬಿಟ್ಟು ಕೂರುವವರು. ಮೊಣಕಾಲು ನೋವು ಬೇರೆ. ಪ್ರತಿ ಭಾನುವಾರ ಹೋಗುವ ಕೊಣ್ಣೂರಿನ ಅಕ್ಕನ ಮನೆಗೆಂದು ಒಂದು ಸಲ ಹೊಸ ಗಾಡಿ ಹತ್ತಿದರು. ನರಗುಂದದಲ್ಲಿ ಇಳಿದರು. ಮತ್ತೆ ಹತ್ತಲಿಲ್ಲ.

“ಅಲ್ರೀ, ನಿಮಗ ಇದು ಕುರ್ಚಿ ಇರಬಹುದು, ನನಗ ಮಾತ್ರ ಶಿಕ್ಷಾ. ನೀವು ಬರ್ರಿ ಹಿಂದಿಂದ,” ಎಂದು ಕೊಣ್ಣೂರು ಬಸ್ಸು ಹಿಡಿದರು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಒಂದು ಮೆರವಣಿಗೆ. ಮುಂದೆ ಬಸ್ಸು; ಅದರ ಕಿಟಕಿಯಲ್ಲಿ ಸಾವಿತ್ರಿಬಾಯಿ. ಹಿಂದೆ ಬಸ್ಸಿನ ಹೊಗೆ ಕುಡಿಯುತ್ತ, ಖಾಲಿ ಸೀಟು ಹೊತ್ತ ರಾಯರು. ಹೆಂಡತಿಯನ್ನು ಒಬ್ಬಳೇ ಕಳಿಸಲು ಮನಸ್ಸಿಲ್ಲ, ಗಾಡಿ ಬಿಟ್ಟು ಬಸ್ಸು ಹತ್ತಲು ಅಭಿಮಾನ ಬಿಡದು. ಕಂಡಕ್ಟರ್ ಬಾಗಿಲಲ್ಲಿ ನಿಂತು, “ರಾಯರ, ಬೆಂಗಾವಲಿಗೆ ಬಂದೀರೇನ್ರಿ?” ಎಂದು ಕೂಗುತ್ತಿದ್ದ.

ನಗುವವರು ನಕ್ಕರು. ಆದರೆ ರಾಯರಿಗೆ ನಿಜವಾಗಿ ಚುಚ್ಚುತ್ತಿದ್ದುದು ಬೇರೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ ಮೊದಲಿನ ಲೂನಾದಿಂದ ಹಿಡಿದು ಅವರ ಎಲ್ಲ ಗಾಡಿಗಳ ಮೇಲೂ ಸಾವಿತ್ರಿಬಾಯಿ ಬಲಗೈಯನ್ನು ಗಂಡನ ಹೆಗಲ ಮೇಲೆ ಇಟ್ಟು, ಊರಿನ ಸಮಾಚಾರವನ್ನೆಲ್ಲ ಅವರ ಕಿವಿಯಲ್ಲಿ ಹೇಳುತ್ತಲೇ ದಾರಿ ಸವೆಸುತ್ತಿದ್ದರು. ಯಾರ ಮಗಳ ನಿಶ್ಚಿತಾರ್ಥ ಮುರಿಯಿತು, ಯಾರ ಹಿಟ್ಟಿನ ಗಿರಣಿಯಲ್ಲಿ ಜೋಳ ಅದಲುಬದಲಾಯಿತು, ಎಲ್ಲವೂ. ಮನೆಯಲ್ಲಿ ಆಕೆ ಇಷ್ಟು ಮಾತಾಡುತ್ತಿರಲಿಲ್ಲ. ಈಗ ಆ ಕಿವಿಗೆ ಗಾಳಿಯ ಸದ್ದೊಂದೇ. ಆ ಹೆಗಲು ಮತ್ತೆ ಭಾರವಾಗಬೇಕು ಎಂಬುದು ರಾಯರ ಜೀವದ ಆಸೆ. ಯಾರ ಮುಂದೆಯೂ ಬಾಯಿ ಬಿಟ್ಟು ಹೇಳುವಂಥದಲ್ಲ.

ಇಂಥ ಹೊತ್ತಿನಲ್ಲಿ ಖಾಜಾಸಾಬನ ಸೊಂಟ ಕೈಕೊಟ್ಟಿತು. ತಾಲೂಕಿಗೆಲ್ಲ ಮೆತ್ತನೆ ಸೀಟು ಹೊಲಿದವನು ತಾನು ಇಪ್ಪತ್ತೆರಡು ವರ್ಷ ಒಂದೇ ಹಳೆಯ ಸಣ್ಣ ಗಾಡಿಯ ಮೇಲೆ ಕುಣಿದಿದ್ದ. ದವಾಖಾನೆಯ ಡಾಕ್ಟರು, “ಗಾಡಿ ಬದಲಿ ಮಾಡು, ಇಲ್ಲಾ ಸೊಂಟ ಬದಲಿ ಮಾಡು. ಸೊಂಟ ನನ್ನ ಹತ್ತಿರ ಸ್ಟಾಕಿಲ್ಲ,” ಎಂದರು.

ಹೆಬ್ಬೆರಳಿನ ಒಡೆಯ ತನಗೇ ಗಾಡಿ ಆರಿಸುತ್ತಾನಂತೆ ಎಂಬ ಸುದ್ದಿಗೆ ಊರು ಕಿವಿ ನಿಮಿರಿಸಿತು. ಖಾಜಾಸಾಬ ಆರು ತಿಂಗಳು ತೆಗೆದುಕೊಂಡ. ಗದಗಿಗೆ ಹೋದ, ಹುಬ್ಬಳ್ಳಿಗೆ ಹೋದ, ಗಜೇಂದ್ರಗಡದಲ್ಲಿ ಪರಿಚಯದವರ ಗಾಡಿಗಳನ್ನೆಲ್ಲ ಕೇಳಿ ಪಡೆದು ಸೂಡಿಯ ದಾರಿಯ ತಗ್ಗುಗಳಲ್ಲಿ ಇಳಿಸಿ ನೋಡಿದ. ದೊಡ್ಡದು ಭಾರವಾಯಿತು, ಓಣಿಯಲ್ಲಿ ಹೊರಳಿಸಲು ಇಬ್ಬರು ಬೇಕು. ಇನ್ನೊಂದರ ಹ್ಯಾಂಡಲ್ ತಗ್ಗು. ರಸ್ತೆಗೆ ನಮಸ್ಕಾರ ಮಾಡುತ್ತಲೇ ಹೋಗಬೇಕು. ಮತ್ತೊಂದು ಅರವತ್ತರ ವೇಗ ದಾಟಿದರೆ ಅಂಗೈ ಜುಮುಜುಮು ಎನ್ನುತ್ತದೆ.

ದ್ಯಾಮೇಶನ ಅಂಗಡಿಯಲ್ಲಿ ರಾಯರು ಕಾಲೆಳೆದರು. “ಏನಪಾ ಖಾಜಾ, ಗಾಡಿ ನೋಡ್ಲಿಕ್ಕೆ ಹೊಂಟೀಯೋ, ಹೆಣ್ಣು ನೋಡ್ಲಿಕ್ಕೆ ಹೊಂಟೀಯೋ?”

“ಹೆಣ್ಣು ಒಂದ ಸರೆ ನೋಡಿ ಹೂಂ ಅಂದೆ ರಾಯರ, ಚಲೋನ ಆತು. ಎಲ್ಲಾ ಸರೆ ನಸೀಬ ಹಂಗ ಇರೂದಿಲ್ಲ.”

“ಅದೆಲ್ಲಾ ಇರಲಿ. ಟಾರ್ಕ್ ಎಷ್ಟು ನೋಡಿದಿ?”

“ನನ್ನ ಸೊಂಟಕ್ಕ ಇಂಗ್ಲಿಷ್ ಬರೂದಿಲ್ರಿ.”

ದ್ಯಾಮೇಶ ನಗು ತಡೆಯಲಾರದೆ ಒಲೆಯ ಕಡೆ ತಿರುಗಿದ. ರಾಯರಿಗೆ ಆ ದಿನದ ಚಹಾ ಕಹಿಯಾಯಿತು.

ಕೊನೆಗೆ ಬಂದದ್ದು ಬೂದಿ ಬಣ್ಣದ, ಮುನ್ನೂರರ ಆಸುಪಾಸಿನ ಸಿಸಿಯ ಒಂದು ಸಾದಾ ಗಾಡಿ. ಬೆನ್ನು ನೆಟ್ಟಗೆ, ಪಾದ ಮೊಣಕಾಲಿನ ಕೆಳಗೇ, ಮುಂದಿನಿಂದ ಹಿಂದಿನವರೆಗೆ ಉದ್ದನೆಯ ಒಂದೇ ಸೀಟು. ಖಾಜಾಸಾಬ ಅದೇ ದಿನ ಕಂಪನಿಯ ಸೀಟು ಬಿಚ್ಚಿ ಒಳಗೆ ತನ್ನ ಫೋಮು ತುಂಬಿದ. ಎಡಗಡೆ ಹಿಂದಿನವರ ಕಾಲಿಗೆ ಅಗಲವಾದ ತಗಡಿನ ಪಟ್ಟಿ ಹಾಕಿಸಿದ. “ಇಷ್ಟಕ್ಕ ಆರು ತಿಂಗಳಾ!” ಎಂದು ರಾಯರು ಬಾಯ್ತುಂಬ ನಕ್ಕರು. ಆ ನಗುವಿನ ಆಯುಷ್ಯ ನಾಲ್ಕು ದಿನ.

ಭಾನುವಾರ ನರಗುಂದದ ರಸ್ತೆಯಲ್ಲಿ ಎಂದಿನ ಮೆರವಣಿಗೆ ಸಾಗಿತ್ತು. ಹಿಂದಿನಿಂದ ಬೂದಿ ಬಣ್ಣದ ಗಾಡಿ ಬಂತು. ಖಾಜಾಸಾಬ ಕುರ್ಚಿಯಲ್ಲಿ ಕೂತವನಂತೆ ನೆಟ್ಟಗಿದ್ದ. ಹಿಂದೆ ಜಹೀದಾ. ಮಡಿಲಲ್ಲಿ ಚೀಲವಿಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು! ಒಂದು ಕಾಳು ತನ್ನ ಬಾಯಿಗೆ, ಒಂದು ಕಾಳು ಮುಂದಕ್ಕೆ ಕೈ ಚಾಚಿ ಗಂಡನ ಬಾಯಿಗೆ. ರಾಯರನ್ನು ದಾಟಿದರು. ಬಸ್ಸಿನ ಪಕ್ಕಕ್ಕೆ ಬಂದಾಗ ಜಹೀದಾ ಮೇಲೆ ನೋಡಿ, “ಬಾಯಾರ, ಕೊಣ್ಣೂರಿಗೇನ್ರಿ?” ಎಂದು ಕೂಗಿದಳು. ಸಾವಿತ್ರಿಬಾಯಿ ಕಿಟಕಿಯಿಂದ ಕೈ ಬೀಸಿ ನಕ್ಕರು. ಆ ನಗುವನ್ನು ರಾಯರು ಹೊಗೆಯ ನಡುವಿನಿಂದ ನೋಡಿದರು. ರಾಮಾಯಣಕ್ಕೆ ಒಂದು ಜಿಂಕೆ ಸಾಕಾಯಿತು. ಇಲ್ಲಿ ಒಂದು ಮುಷ್ಟಿ ಶೇಂಗಾ.

ಆ ರಾತ್ರಿಯ ಊಟ ಅವರಿಗೆ ಸೇರಲಿಲ್ಲ. ಅವನ ಗಾಡಿ ತನ್ನದಕ್ಕಿಂತ ಸಣ್ಣದು. ಸದ್ದು ಕಡಿಮೆ. ಹೊಳಪು ಕಡಿಮೆ. ಆದರೂ ಅವನ ಹಿಂದಿನ ಸೀಟು ತುಂಬಿದೆ!

ವಾರ ಕಳೆಯುವುದರೊಳಗೆ ರಾಯರು ಕರಿ ಗಾಡಿ ಬದಲಿ ಕೊಟ್ಟು ಖಾಜಾಸಾಬನದೇ ಗಾಡಿಯಂಥದನ್ನು ತಂದರು. ಅದೇ ಕಂಪನಿ, ಅದೇ ಬೂದಿ ಬಣ್ಣ. ಇನ್ನು ಸೀಟಿನ ಮಾತು. ಖಾಜಾಸಾಬನ ಎದುರು ಹೋಗಿ ಹೊಲಿದುಕೊಡು ಎನ್ನುವುದಕ್ಕಿಂತ ಹೊಳೆಗೆ ಬೀಳುವುದು ಲೇಸೆನಿಸಿತು. ಆದರೆ ಅವರ ವೃತ್ತಿ ಅವರಿಗೆ ಒಂದು ಪಾಠ ಕಲಿಸಿತ್ತು: ಅಕ್ಷರ ಬಿಡದೆ ತೆಗೆದ ನಕಲು ಅಸಲಿನಷ್ಟೇ ಗಟ್ಟಿ. ನಕಲು ತೆಗೆದು ಮೂವತ್ತು ವರ್ಷ ಉಂಡವರು, ಈಗ ಸೀಟಿನದೂ ತೆಗೆಯಬೇಕೆಂದು ನಿಶ್ಚಯಿಸಿದರು.

ಶುಕ್ರವಾರ ಮಧ್ಯಾಹ್ನ ಖಾಜಾಸಾಬ ನಮಾಜಿಗೆ ಹೋದ ಹೊತ್ತು ನೋಡಿ, ಅಂಗಡಿಯ ಮುಂದೆ ನಿಂತ ಗಾಡಿಗೆ ಟೇಪು ಹಿಡಿದರು. ಕೈ ಅಭ್ಯಾಸ ಎಲ್ಲಿ ಬಿಡುತ್ತದೆ? ಹಾಳೆಯ ಮೇಲೆ ಬರೆದರು: ‘ಸದರಿ ಸೀಟಿಗೆ ಚಕ್ಕುಬಂದಿ. ಪೂರ್ವಕ್ಕೆ ಪೆಟ್ರೋಲ್ ಟಾಕಿ, ಪಶ್ಚಿಮಕ್ಕೆ ಹಿಂದಿನ ದೀಪ, ದಕ್ಷಿಣಕ್ಕೆ ಸೈಲೆನ್ಸರ್, ಉತ್ತರಕ್ಕೆ ಕಾಲಿಡುವ ಪಟ್ಟಿ. ಸದರಿ ಪಟ್ಟಿ ಸೀಟಿನಿಂದ ಕೆಳಗೆ ಹದಿನಾಲ್ಕೂವರೆ ಇಂಚು.’

“ರಾಯರ, ಯಾರ ಹೊಲದ್ದ ಮೋಜಣಿ ನಡಸೀರಿ?” ದ್ಯಾಮೇಶ ಚಹಾದಂಗಡಿಯಿಂದಲೇ ಕೂಗಿದ.

“ನಿನ್ನ ಚಹಾ ನೀ ಕುದಸು!”

ಹಾಳೆ ಗಜೇಂದ್ರಗಡಕ್ಕೆ ಹೋಯಿತು. ಅಲ್ಲಿ ಸೀಟು ಹೊಲಿಯುವ ನಯೀಮ ಅದನ್ನು ಎರಡು ಸಲ ಓದಿ, “ಸಾಕ್ಷಿ ಸಹಿ ಯಾರ್ದರಿ ಹಾಕಸೂದು?” ಎಂದು ಕೇಳಿದ. ಆದರೆ ಕೆಲಸದಲ್ಲಿ ಪ್ರಾಮಾಣಿಕ. ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ. ಪಟ್ಟಿಯೂ ಹದಿನಾಲ್ಕೂವರೆ ಇಂಚಿಗೇ.

ಆ ಭಾನುವಾರ ರಾಯರು ನಸುಕಿನಲ್ಲೇ ಗಾಡಿ ಒರೆಸಿದರು. ಜೇಬಿನಲ್ಲಿ ಶೇಂಗಾ ಕೂಡ ಇತ್ತು. “ಇದರಾಗ ಏನೂ ತ್ರಾಸಿಲ್ಲ, ಒಂದು ಸಲ ಕೂಡು,” ಎಂದು ಹೆಂಡತಿಗೆ ದುಂಬಾಲು ಬಿದ್ದರು. ಸಾವಿತ್ರಿಬಾಯಿ ಸೆರಗು ಸಿಕ್ಕಿಸಿ ಕೂತರು. ಹೆಗಲ ಮೇಲೆ ಕೈ ಬಂತು. ರಾಯರ ಎದೆ ಅರಳಿತು. ಓಣಿ ದಾಟಿದರು, ಪೇಟೆ ದಾಟಿದರು. ಕಿವಿಯ ಹತ್ತಿರ ಮಾತು ಇನ್ನೇನು ಶುರುವಾಗಬೇಕು.

“ನಿಂದರಸ್ರಿ.”

“ಯಾಕ?”

“ಮೊಣಕಾಲು ಗದ್ದಕ್ಕ ಬಡೀಲಿಕ್ಕತ್ತಾವ. ಇದು ಯಾರ ಕಾಲಿಗೆ ಮಾಡ್ಸೀರಿ?”

ಬಸ್‌ಸ್ಟ್ಯಾಂಡು ಎದುರಿಗೇ ಇತ್ತು. ಸಾವಿತ್ರಿಬಾಯಿ ಇಳಿದು, ಮೊಣಕಾಲು ನೀವಿಕೊಂಡು, ರಸ್ತೆ ದಾಟಿ ನರಗುಂದದ ಬಸ್ಸಿಗೆ ಕಾಯುವವರ ಸಾಲಿನಲ್ಲಿ ನಿಂತರು. ಬೈದಿದ್ದರೆ ರಾಯರಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ರಾಯರು ಗಾಡಿಯನ್ನು ಸೀದಾ ಖಾಜಾಸಾಬನ ಅಂಗಡಿಯ ಮೆಟ್ಟಿಲಿಗೆ ತಂದು ನಿಲ್ಲಿಸಿದರು. ಎರಡು ಬೂದಿ ಗಾಡಿಗಳು ಅವಳಿಗಳಂತೆ ನಿಂತವು. ಒಳಗೆ ಖಾಜಾಸಾಬ ಯಾರದೋ ಸೀಟಿನ ಅಂಚು ಹೊಲಿಯುತ್ತಿದ್ದ. ಜಹೀದಾ ನರಗುಂದಕ್ಕೆ ಹೊರಡಲು ಸಿದ್ಧಳಾಗಿ, ಚೀಲ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ದ್ಯಾಮೇಶ ಗಿರಾಕಿಗಳನ್ನು ಬಿಟ್ಟು ಓಡಿಬಂದು ಬಾಗಿಲಿಗೆ ನಿಂತ.

“ಖಾಜಾ, ಸುಳ್ಳು ಹೇಳಬ್ಯಾಡ,” ಎಂದರು ರಾಯರು. “ಗಾಡಿ ಅದೇ ತಂದೆ. ಸೀಟು ಅದೇ ಹೊಲಿಸಿದೆ. ಹೌದು, ನಿಂದ ಅಳತಿ ನಾನ ಕದ್ದು ತೊಗೊಂಡೆ. ಊರಿಗೆಲ್ಲಾ ಗೊತ್ತದ, ನಿನಗೂ ಗೊತ್ತಿರಬೇಕು.”

“ಗೊತ್ತೈತ್ರಿ. ಕೂಡ್ರಿ ರಾಯರ, ಚಹಾ ತರಸ್ತೀನಿ.”

“ಚಹಾ ಬ್ಯಾಡ! ನೀ ಏನೋ ಒಂದು ಬಚ್ಚಿಟ್ಟೀ. ನಿನ್ನ ಮನಿಯಾಕಿ ಹಿಂದ ಕೂತು ಶೇಂಗಾ ತಿಂತಾಳ. ನಮ್ಮಾಕಿ ಪೇಟಿ ದಾಟಿದ್ದ ತಡ, ಇಳದು ಹೋದ್ಳು. ಆರು ತಿಂಗಳು ಅಷ್ಟೆಲ್ಲಾ ತಿರಗಿದಿ, ಅದೇನ ನೋಡಿದಿ? ಯಾವ ಲೆಕ್ಕ ಹಾಕಿದಿ? ಕಾಲು ಹಿಡೀಲೇನು? ಹೇಳು.”

ದ್ಯಾಮೇಶ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದ. ಒಂದು ಯುಗದ ರಹಸ್ಯ ಈಗ ಹೊರಬೀಳುವುದಿತ್ತು. ಖಾಜಾಸಾಬ ಹಲ್ಲಿನಿಂದ ದಾರ ಕಡಿದು, ಸೂಜಿಯನ್ನು ರೆಕ್ಸಿನ್ನಿಗೆ ಚುಚ್ಚಿ, ತಲೆ ಎತ್ತಿದ.

“ನಾ ನೋಡಿದ್ದು ಬರೇ ಮುಂದಿನ ಸೀಟ್ರಿ ರಾಯರ. ಹಿಂದಿಂದು ಈಕಿನ ಕುಂತು ನೋಡಿ ಹೇಳಿದ್ಳು. ಬಾಯಾರು ಅಲ್ಲೇ ಬಸ್ಸಿಗೆ ನಿಂತಾರ, ಹೋಗಿ ಕೇಳ್ರಿ.”