ಚಿಂತಕನ ಹೆಗಲಿಗೆ ಬಣ್ಣದ ಶಾಲು

ಸಿಂದಗಿಯ ಶಿಕ್ಷಕರ ತರಬೇತಿ ಸಂಸ್ಥೆಯಲ್ಲಿ ನಾನು ನಿವೃತ್ತಿಯವರೆಗೂ ವಿದೇಶದ ಒಬ್ಬ ಶಿಕ್ಷಣ ಚಿಂತಕನ ಗ್ರಂಥವನ್ನು ಪಾಠ ಮಾಡಿದವನು. ಕಳೆದ ಚುನಾವಣೆಯ ಹೊತ್ತಿಗೆ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಆತನ ಚಿತ್ರಗಳು ಬಂದವು. ಒಂದು ಪಕ್ಷದವರು ಆತನನ್ನು ನಮ್ಮ ಶಾಲೆಗಳನ್ನು ಕೆಡಿಸಿದ ದ್ರೋಹಿ ಎಂದರು. ಇನ್ನೊಂದು ಪಕ್ಷದವರು ಆತನ ಹೆಗಲಿಗೆ ತಮ್ಮ ಬಣ್ಣದ ಶಾಲು ಹೊದಿಸಿ, ತಮ್ಮ ಘೋಷಣೆಯನ್ನೇ ಆತನ ಮಾತೆಂದು ಕೆಳಗೆ ಬರೆದರು. ‘ಎರಡೂ ಸುಳ್ಳು. ಯಾವ ಪುಟದಲ್ಲಿದೆ, ತೋರಿಸಿ’ ಎಂದು ಬರೆದೆ. ಪುಟ ಬರಲಿಲ್ಲ, ನನ್ನನ್ನೇ ಗುಂಪಿನಿಂದ ತೆಗೆದುಹಾಕಿದರು. ಅದನ್ನು ಮರೆಯುವ ಉದಾರತೆ ನನಗಿಲ್ಲ.

ಶಿಕ್ಷಕರ ದಿನಾಚರಣೆ ಬಂದಾಗ, ನನ್ನನ್ನು ಗುಂಪಿನಿಂದ ತೆಗೆದಿದ್ದ ಶಿಷ್ಯನೇ ಸನ್ಮಾನಕ್ಕೆ ಕರೆಯಲು ಮನೆಗೆ ಬಂದ. ಆತ ಈಗ ಮುದ್ದೇಬಿಹಾಳದಲ್ಲಿ ಮುಖ್ಯಗುರು.

“ಬರ್ರಿ ಸರ. ಆದ್ರ ಆ ಫೋಟೋದ ಸುದ್ದಿ ಎತ್ತಬ್ಯಾಡ್ರಿ. ಎರಡೂ ಪಕ್ಷದವ್ರು ಸ್ಟೇಜ್ ಮ್ಯಾಲೆ ಇರ್ತಾರ.”

“ಆತನ ಪುಸ್ತಕ ನೀ ಓದೀಯೇನಪಾ?”

“ಪರೀಕ್ಷಾಕ್ಕ ನಿಮ್ಮ ನೋಟ್ಸೇ ಸಾಕಾಗಿತ್ತಲ್ರಿ!”

ನಾನು ಮಾತು ಕೊಡಲಿಲ್ಲ. ಆದರೆ ಗ್ರಂಥ ಹಿಡಿದುಕೊಂಡು ಹೋದೆ. ಶಾಲು ಹೊದಿಸಲು ಬಂದವರನ್ನು ಕೈ ಅಡ್ಡ ಹಿಡಿದು ತಡೆದು, ಮಗು ತಾನೇ ಪ್ರಶ್ನೆ ಕೇಳಲು ಬಿಡಬೇಕೆಂದು ಆ ಚಿಂತಕ ಬರೆದ ಪುಟವನ್ನು ಓದತೊಡಗಿದೆ. ಮೈಕ್ ಬಂದ್ ಮಾಡಿಸಿದರು. ತರಗತಿಯಲ್ಲಿ ನನಗೆ ಮೈಕ್ ಎಂದೂ ಇರಲಿಲ್ಲ. ಪುಟ ಮುಗಿಯುವವರೆಗೂ ಓದಿದೆ.