ರಾಣಿಯ ಕ್ಷಮೆ ಯಾರೂ ಕೇಳಲಿಲ್ಲ

ನನ್ನ ನಾಲಗೆಗೆ ಅಕ್ಷರ ಕೊಟ್ಟ ಗುರುವಿಗೆ, ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮಠಗಳಲ್ಲಿ ನನ್ನ ಓದಿಗೆ ಕಿವಿಯಾದ ತಾಯಂದಿರಿಗೆ, ಕಡಲಾಚೆಯ ವೇಲ್ಸ್ ನಾಡಿನಲ್ಲಿ ತಮ್ಮ ಹೆಸರು ಬರೆದಿಡದೆ ಕಥೆಯನ್ನು ಮಾತ್ರ ಕಾಪಾಡಿದ ಪ್ರಾಚೀನ ಲಿಪಿಕಾರರಿಗೆ ಮೊದಲು ಕೈಮುಗಿಯುತ್ತೇನೆ. ಅವರಿಂದ ಪಡೆದದ್ದನ್ನು ನೆನೆದೇ ಆ ಲಿಪಿಕಾರರ ಮೇಲಿನ ಸಿಟ್ಟನ್ನೂ ಹೇಳಬೇಕಾಗಿದೆ.

ನಮ್ಮ ಕಡೆ ಶ್ರಾವಣದ ಪುರಾಣಕ್ಕೆ ಎರಡು ಮಣೆ ಹಾಕುತ್ತಾರೆ. ಒಂದರ ಮೇಲೆ ಕುಳಿತವನು ಗ್ರಂಥ ಓದುತ್ತಾನೆ. ಅದರಲ್ಲಿಲ್ಲದ ಒಂದಕ್ಷರವನ್ನೂ ಅವನು ಸೇರಿಸುವಂತಿಲ್ಲ. ಇನ್ನೊಂದರ ಮೇಲೆ ಕುಳಿತವರು ಅರ್ಥ ಹೇಳುತ್ತಾರೆ. ಊರಿನ ಸಂಗತಿಯನ್ನು ಎಳೆದು ತರುವ ಸ್ವಾತಂತ್ರ್ಯ ಅವರಿಗುಂಟು. ನಾನು ಮೊದಲಿನಿಂದಲೂ ಓದುವವನು.

ಕಳೆದ ವರ್ಷ ಪುರಾಣ ಮುಗಿದ ಮರುದಿನದ ಸಂಜೆ, ನಿಂಬರ್ಗಾದಾಚೆಯ ಒಂದೂರಿನ ಮಠದಲ್ಲಿ ಜನ ಇನ್ನೊಂದು ಕಥೆ ಬೇಕೆಂದರು. ನಾನು ಆಗ ಓದುತ್ತಿದ್ದುದು ವೇಲ್ಸ್ ನಾಡಿನ ಮಧ್ಯಯುಗದ ಐತಿಹ್ಯಗಳ ಇಂಗ್ಲಿಷ್ ಅನುವಾದ. ಅದನ್ನೇ ತೆರೆದು, ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ಇಳಿಸುತ್ತ ಹೋದೆ.

ಒಬ್ಬ ರಾಣಿ ಹೆತ್ತಳು. ಕಾವಲಿಗಿದ್ದ ಹೆಂಗಸರು ನಿದ್ದೆಹೋದರು, ಕೂಸು ಮಾಯವಾಯಿತು. ತಮ್ಮ ತಲೆ ಉಳಿಸಿಕೊಳ್ಳಲು ಅವರು ನಾಯಿಮರಿಗಳನ್ನು ಕೊಂದು, ಮಲಗಿದ್ದ ರಾಣಿಯ ಮುಖಕ್ಕೂ ಕೈಗೂ ಆ ರಕ್ತ ಬಳಿದು, ತಾಯಿಯೇ ಮಗುವನ್ನು ಕೊಂದಳೆಂದರು. ಗಂಡ ಅವಳನ್ನು ಬಿಡಲಿಲ್ಲ, ಶಿಕ್ಷೆಯನ್ನು ತಡೆಯಲೂ ಇಲ್ಲ. ವರ್ಷಗಟ್ಟಲೆ ಅವಳು ಅರಮನೆಯ ಬಾಗಿಲಲ್ಲಿ ಕುಳಿತು, ಬಂದವರಿಗೆಲ್ಲ ತನ್ನ ಕಳಂಕವನ್ನು ತಾನೇ ಹೇಳಿ, ನಿಮ್ಮನ್ನು ಬೆನ್ನ ಮೇಲೆ ಹೊತ್ತು ಒಳಗೊಯ್ಯಲೇ ಎಂದು ಕೇಳಬೇಕಿತ್ತು. ಕಡೆಗೆ ಮಗು ಸಿಕ್ಕಿತು. ಅರಮನೆ ನಲಿಯಿತು. ಊಟಕ್ಕೆ ಕುಳಿತರು.

ಅರ್ಥ ಹೇಳುವ ಹಿರಿಯರು ಗಂಟಲು ಸರಿಮಾಡಿಕೊಂಡು, "ಕಷ್ಟ ಕರಗಿ ಸುಖ ಆತು. ಮಂಗಳ ಹಾಡೂಣು," ಎಂದರು.

"ತಡೀರಿ ಮುತ್ಯಾ," ಹೆಂಗಸರ ಸಾಲಿನಿಂದ ಒಂದು ದನಿ ಬಂತು. "ತಪ್ಪಾತು ಅಂತ ರಾಣಿಗಿ ಯಾರರ ಅಂದ್ರೇನ್ರಿ?"

ಶ್ರಾವಣವಿಡೀ ಆ ಊರಲ್ಲೇ ಇದ್ದ ನನಗೆ ಅವಳ ಸಂಗತಿ ಗೊತ್ತಿತ್ತು. ಅವಳು ಆ ಊರ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ಬೇಸಿಗೆಗೆ ಮುಂಚೆ ಒಂದು ದಿನ ಮಕ್ಕಳು ವಾಂತಿ ಮಾಡಿಕೊಂಡಾಗ, ಜೊತೆಯ ಅಡುಗೆಯವರು ತಾವು ಪಾರಾಗಲು, ಸಾರಿನ ಪಾತ್ರೆ ತೆರೆದಿಟ್ಟವಳು ಇವಳೇ ಎಂದರು. ಶಾಲಾ ಸಮಿತಿಯ ಅಧ್ಯಕ್ಷರು ಅಂದೇ ತುಂಬಿದ ಅಂಗಳದಲ್ಲಿ ಇವಳನ್ನು ಹೊರಹಾಕಿದರು. ದೋಷ ಶಾಲೆಯ ನೀರಿನ ಟಾಕಿಯದೆಂದು ಆಮೇಲೆ ತಿಳಿಯಿತು. ನಾಳೆಯಿಂದ ಬಾ ಎಂದು ಹೇಳಿ ಕಳಿಸಿದರು. ಅಷ್ಟೇ. ನಳದ ಹತ್ತಿರ ಆಗಲೂ "ಸಾರಿಗಿ ಇವತ್ತೇನು ಹಾಕೀದಿ?" ಎಂದು ಕೇಳಿ ನಗುವವರಿದ್ದರು. ಅಧ್ಯಕ್ಷರು ಆ ಸಂಜೆ ಮುಂದಿನ ಸಾಲಿನಲ್ಲೇ ಕುಳಿತಿದ್ದರು.

ನಾನು ಪುಟ ಹಿಂದೆ ಮುಂದೆ ತಿರುವಿದೆ. ರಾಜ ಅನ್ನಲಿಲ್ಲ. ಸುಳ್ಳಾಡಿದ ಹೆಂಗಸರು ಅನ್ನಲಿಲ್ಲ. "ಇಲ್ಲವ್ವಾ," ಎಂದೆ.

"ಅಲ್ಲೂ ಇಲ್ಲೇನು!" ಎಂದಳು. ಗಂಡಸರು ನಕ್ಕರು. "ಹಳೀ ಕಾಲದ ಕತಿ ಬೇ, ಬಿಡು," ಎಂದನೊಬ್ಬ.

ಅದೇ ಮಾತನ್ನು ಆ ಪುಸ್ತಕದ ಮುನ್ನುಡಿಯೂ ಹೇಳಿತ್ತು: ಅಂದಿನವರನ್ನು ಇಂದಿನ ಕಣ್ಣಿಂದ ಅಳೆಯಬಾರದಂತೆ. ನನಗೆ ಮೈಯೆಲ್ಲ ಉರಿಯಿತು. ಯಾವ ಅಂದು? ಯಾವ ಇಂದು? ಕಳಂಕ ಹೊರಿಸುವಾಗ ಊರೆಲ್ಲ ಬೇಕು. ಕಳಂಕ ತೊಳೆದ ಮೇಲೆ ಒಂದು ಮಾತಿಗೂ ಬಾಯಿಲ್ಲ. ಕಳಕೊಂಡದ್ದು ಸಿಕ್ಕಿತಲ್ಲ, ಸುಮ್ಮನೆ ಊಟಕ್ಕೆ ಕೂರು ಎನ್ನುವುದು ನ್ಯಾಯವೇ? ಹೆಣ್ಣಿನ ಬೆನ್ನಿಗೆ ಭಾರ ಹೊರಿಸಿದ್ದನ್ನು ಅಷ್ಟು ವಿವರವಾಗಿ ಬರೆದ ಆ ಲಿಪಿಕಾರನಿಗೆ ಇನ್ನೊಂದು ಸಾಲಿಗೆ ಶಾಯಿ ಸಾಲದೆ ಹೋಯಿತೇ?

ಆ ಸಾಲನ್ನು ನಾನೇ ಸೇರಿಸಿ ಓದಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಓದುವ ಮಣೆಗೆ ಆ ಅಧಿಕಾರವಿಲ್ಲ. ಪುಸ್ತಕ ಮುಚ್ಚಿ ಎದ್ದೆ. ಅರ್ಥ ಹೇಳುವ ಹಿರಿಯರಿಗೆ ಕೈಮುಗಿದು, "ಇವತ್ತು ಆ ಜಾಗ ನನಗ ಬಿಟ್ಟುಕೊಡ್ರಿ," ಎಂದೆ. ಬೆರಗಾದರೂ ಸರಿದು ಕೊಟ್ಟರು.

ಕುಳಿತು ಹೇಳಿದೆ: "ಇದರರ್ಥ ಇಷ್ಟ. ಈ ಕತಿ ಅರ್ಧಕ್ಕ ನಿಂತೈತಿ. ಅರ್ಧಕ್ಕ ನಿಂತ ಕತಿಗಿ ನಾ ಮಂಗಳ ಹಾಡೂದಿಲ್ಲ. ಆ ರಾಜ ಸತ್ತು ಹೋಗ್ಯಾನ, ಅವನ್ನ ಕೇಳಾಕ ಆಗೂದಿಲ್ಲ. ಇಲ್ಲಿ ಇದ್ದವರನ್ನ ಕೇಳಬಹುದು."

ಆರತಿಯ ತಟ್ಟೆ ಹಿಡಿದವರು ಹಿಡಿದಂತೆಯೇ ನಿಂತರು. ಅಧ್ಯಕ್ಷರು ಟೋಪಿ ತೆಗೆದರು, ಮತ್ತೆ ಇಟ್ಟುಕೊಂಡರು. ಕೊನೆಗೆ ಎದ್ದು, ನಂದಾದೀಪವನ್ನೇ ನೋಡುತ್ತ, "ತಪ್ಪಾತು," ಎಂದು ಗೊಣಗಿದರು.

"ದೀಪಕ್ಕ ಹೇಳಾಕತ್ತೀರೇನ್ರಿ ಕಾಕಾ?" ಎಂದಳು ಅವಳು. "ಹೊರಗ ಹಾಕೂ ಮುಂದ ನನ್ನ ಮಾರಿ ನೋಡೇ ಒದರಿದ್ರಿ."

ಮೊದಲು ನಕ್ಕಿದ್ದ ಗಂಡಸರು ತಲೆ ತಗ್ಗಿಸಿದರು. ಅಧ್ಯಕ್ಷರು ಅವಳ ಕಡೆ ತಿರುಗಿದರು. "ತಪ್ಪಾತವ್ವಾ. ವಿಚಾರ ಮಾಡಲಾರ್ದ ಮಾತಾಡೀನಿ. ಸಾರಿನ ಮಾತು ಇನ್ನ ಯಾರೂ ತೆಗಿಬ್ಯಾಡ್ರಿ." ಈ ಸಲ ದನಿ ಅಂಗಳದವರೆಗೂ ಕೇಳಿಸಿತು.

ಅವಳು ಸೆರಗು ಸರಿಮಾಡಿಕೊಂಡು, "ಮುತ್ಯಾ, ಈಗ ಹಾಡ್ರಿ," ಎಂದಳು.

ಹಾಡಿದೆವು. ಆ ಪುಸ್ತಕದ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಕೇಳಿದ ಆ ತಾಯಿಗೆ, ತಿರುಗಿ ನಿಂತು ನುಡಿದ ಆ ಹಿರಿಯರಿಗೆ, ಮಣೆ ಬಿಟ್ಟುಕೊಟ್ಟವರಿಗೆ, ನಕ್ಕು ಆಮೇಲೆ ತಲೆ ತಗ್ಗಿಸಿದವರಿಗೆ, ಬಾಗಿಲಲ್ಲಿ ಕುಳಿತ ಆ ದೂರದ ರಾಣಿಗೆ, ಅವಳನ್ನು ಮರೆಯದೆ ಬರೆದ ಕೈಗೂ ಒಳಿತಾಗಲಿ. ಎಲ್ಲರ ಬೆನ್ನೂ ಹಗುರಾಗಲಿ.